ಕ್ಲಿಪ್ಪು ಹಾಕಿಕೊಂಡ ಆರು ತಿಂಗಳು

ನಾನು ಪುಣೆಯ ಕೋಥರೂಡದ ಒಂದು ಮರಾಠಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಹಗಲೆಲ್ಲ ನಿದ್ದೆ ಬರತೊಡಗಿತು. ಬೋರ್ಡಿನ ಮುಂದೆ ನಿಂತಲ್ಲೇ ಕಣ್ಣು ಮುಚ್ಚುತ್ತಿದ್ದವು. ಡಾಕ್ಟರು ರಕ್ತ ಕಡಿಮೆ ಎಂದರು, ಥೈರಾಯ್ಡ್ ನೋಡಿದರು, ಕೊನೆಗೆ ಮನಸ್ಸಿಗೆ ಬೇಸರವೆಂದು ಗುಳಿಗೆ ಬರೆದರು. ಗೊರಕೆ ಹೊಡೆಯುತ್ತೀರಾ ಎಂದು ಹೆಂಗಸನ್ನು ಯಾರೂ ಕೇಳಲಿಲ್ಲ. ಪಕ್ಕದಲ್ಲೇ ಮಲಗುವ ಗಂಡನಿಗೆ ಗೊತ್ತಿತ್ತು. ಹೊರಗೆ ಹೇಳುವ ವಿಷಯವಲ್ಲವೆಂದು ಸುಮ್ಮನಿದ್ದರು.

ಆ ದಿನಗಳಲ್ಲೇ ಅವ್ವನನ್ನು ಧಾರವಾಡದಿಂದ ಪುಣೆಯ ಆಸ್ಪತ್ರೆಗೆ ತಂದೆವು. ಒಂದು ಮಧ್ಯಾಹ್ನ ನಾನೊಬ್ಬಳೇ ಅವಳ ಬಳಿ ಕೂತಿದ್ದೆ. ಎರಡು ದಿನದಿಂದ ಮಾತೇ ಆಡದವಳು ನನ್ನ ಕೈ ಹಿಡಿದು, ತನ್ನ ಮದುವೆಯ ಹಿಂದಿನ ಯಾವುದೋ ಸಂಗತಿ ಹೇಳತೊಡಗಿದಳು. ಅಷ್ಟೇ ನೆನಪು. ಅಣ್ಣ ಭುಜ ಅಲುಗಿಸಿದಾಗ ಎಚ್ಚರವಾಯಿತು.

"ಅವ್ವ ನಿನ್ನ ಕೂಡ ಮಾತಾಡಾಕತ್ತಿದ್ಲು. ನೀ ಗೊರಕಿ ಹೊಡ್ಯಾಕತ್ತಿದ್ದಿ," ಎಂದ.

ಅವ್ವ ಗೋಡೆಯ ಕಡೆ ಹೊರಳಿದ್ದಳು. ಮತ್ತೆ ಮಾತಾಡಲಿಲ್ಲ. ಮರುದಿನ ತೀರಿಕೊಂಡಳು.

ನಾಲ್ಕೈದು ವರ್ಷಗಳ ನಂತರ, ಬಿಪಿಗೆಂದು ತೋರಿಸಿದ ಹೊಸ ಡಾಕ್ಟರಮ್ಮ ಗೊರಕೆಯ ಆ ಪ್ರಶ್ನೆ ಕೇಳಿ ನಿದ್ದೆಯ ಪರೀಕ್ಷೆ ಮಾಡಿಸಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಗಂಟೆಗೆ ನಲವತ್ತು ಸಲ ನನ್ನ ಉಸಿರು ನಿಲ್ಲುತ್ತಿತ್ತು. ಕೊಳವೆ, ಮುಖವಾಡದ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಮಶೀನೇ ಬೇಕು ಎಂದರು. ಕೆಳದವಡೆಯನ್ನು ಮುಂದಕ್ಕೆ ಎಳೆದು ಹಿಡಿಯುವ ಹಲ್ಲಿನ ಕ್ಲಿಪ್ಪೂ ಇದೆ, ಆದರೆ ತೊಂದರೆ ನಿಮ್ಮಷ್ಟು ಜೋರಿದ್ದರೆ ಅದು ಸಾಲುವುದು ಕಷ್ಟ ಎಂದೂ ಹೇಳಿದರು.

"ಆ ಆನಿ ಸೊಂಡಿ ಹಾಕ್ಕೊಂಡು ಮಲಗ್ತೀಯೇನು?" ಎಂದರು ಗಂಡ. "ಕ್ಲಿಪ್ ಮಾಡಿಸ್ಕೊ. ಯಾರಿಗೂ ಕಾಣಂಗಿಲ್ಲ."

ಒಪ್ಪಿದೆ. ನಾಚಿಕೆ ನನಗೂ ಇತ್ತು.

ಹಲ್ಲಿನ ಡಾಕ್ಟರು ಅಚ್ಚು ತೆಗೆದು ಕ್ಲಿಪ್ಪು ಮಾಡಿಕೊಟ್ಟರು. ದಿಂಬೆಲ್ಲ ಜೊಲ್ಲು, ಬೆಳಿಗ್ಗೆ ದವಡೆ ನೋವು. ತಿಂಡಿಯ ಹೊತ್ತಿನವರೆಗೂ ಮೇಲಿನ ಹಲ್ಲಿಗೆ ಕೆಳಗಿನದು ಕೂಡುತ್ತಿರಲಿಲ್ಲ. ಗೊರಕೆ ಮಾತ್ರ ಕಡಿಮೆಯಾಯಿತು.

"ನೋಡು, ಆರಾಮಾತು," ಎಂದರು ಗಂಡ. ಅವರಿಗೆ ಆಗಿತ್ತು.

ಆರು ತಿಂಗಳು ಅದನ್ನೇ ನಂಬಿದೆ. ಒಂದು ದಿನ ತರಗತಿಯಲ್ಲಿ ಕುರ್ಚಿಯ ಮೇಲೆ ಕಣ್ಣುಬಿಟ್ಟಾಗ, "ಬಾಯಿ ಝೋಪಲ್ಯಾ," ಟೀಚರು ಮಲಗಿಬಿಟ್ಟರು ಎಂದು ಹುಡುಗಿಯರು ಪಿಸುಗುಡುತ್ತಿದ್ದರು. ಕ್ಲಿಪ್ಪು ಹಾಕಿಕೊಂಡೇ ಮತ್ತೆ ಪರೀಕ್ಷೆ ಮಾಡಿಸಿದೆ. ನಲವತ್ತು ಇಪ್ಪತ್ತೈದಾಗಿತ್ತು, ಅಷ್ಟೇ. ಸದ್ದು ನಿಂತರೆ ಜಡ್ಡು ನಿಂತ ಹಾಗಲ್ಲ ಎಂದರು ಡಾಕ್ಟರಮ್ಮ.

ಈ ಸಲ ಯಾರನ್ನೂ ಕೇಳದೆ ಮಶೀನು ತಂದೆ. ಮೊದಲ ವಾರ ಮೂಗಿನ ಮೇಲೆ ಗಾಯ, ಗಂಟಲು ಒಣಗಿ ಕಟ್ಟಿಗೆ. ಎರಡು ಸಲ ಕಿತ್ತೆಸೆದೆ. ಮುಖವಾಡ ಬದಲಿಸಿದ ಮೇಲೆ ಹೊಂದಿಕೊಂಡಿತು. ಮೂರನೆಯ ವಾರ ಕೊನೆಯ ಪೀರಿಯಡ್ಡಿನವರೆಗೂ ಎಚ್ಚರವಾಗಿದ್ದೆ. ಸ್ಟಾಫ್‌ರೂಮಿಗೆ ಬಂದು ಅತ್ತೆ. ಸಂತೋಷಕ್ಕಲ್ಲ. ಇಷ್ಟು ಸುಲಭವಾಗಿತ್ತೇ ಎಂದು.

ಅಣ್ಣನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಆ ದಿನ ಅವ್ವನ ಬಳಿ ನಿದ್ದೆ ಹೋದದ್ದು ಜಡ್ಡಿನಿಂದ, ಅಲಕ್ಷ್ಯದಿಂದಲ್ಲ ಎಂದೆ.

"ಈಗ ಏನರ ಹೆಸರಿಡು," ಎಂದ. "ಅವತ್ತ ಅವ್ವನ ಮಾತು ಕೇಳವ್ರು ಯಾರೂ ಇರ್ಲಿಲ್ಲ."

ಮಶೀನಿನ ಸದ್ದಿಗೆ ನಿದ್ದೆ ಹತ್ತುವುದಿಲ್ಲವೆಂದು ಗಂಡ ಹಾಸಿಗೆಯನ್ನು ಪಡಸಾಲೆಗೆ ಒಯ್ದರು. ಭಾನುವಾರ ಊಟವಾಗಿ ಅಲ್ಲಿ ಮಲಗಿದಾಗ ಅವರ ಗೊರಕೆಯೂ ಕೇಳುತ್ತದೆ. ನಡುವೆ ಒಮ್ಮೊಮ್ಮೆ ಉಸಿರೇ ನಿಲ್ಲುತ್ತದೆ. ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಎರಡು ಸಲ ಹೇಳಿದೆ.

"ನನಗೇನಾಗೇದ?" ಎಂದರು.

ಮೂರನೆಯ ಸಲ ಹೇಳಲಿಲ್ಲ.