ಹನ್ನೊಂದು ಒಂದುಗಳ ಅಕ್ಕೋರು

ಕುಸುಮಾ ಅಕ್ಕೋರು ಒಂದು ಭಾಗಾಕಾರ ಮಾಡದೆ ಬೆಳಗಿನ ಚಹಾ ಮುಟ್ಟುತ್ತಿರಲಿಲ್ಲ. ಉದ್ದನೆಯ ವಹಿ ತೆರೆದು ಕೂತರೆಂದರೆ ಒಲೆಯ ಮೇಲಿನ ಚಹಾ ಕುದ್ದು ಕುದ್ದು ಕಷಾಯವಾದರೂ ಏಳುತ್ತಿರಲಿಲ್ಲ. ಪುಣೆಯ ಕನ್ನಡ ಶಾಲೆಯಲ್ಲಿ ನಮಗೆ ಗಣಿತ ಕಲಿಸಿದವರು ಅವರು. ನಿವೃತ್ತರಾದ ಮೇಲೆ ನಮ್ಮದೇ ಕಟ್ಟಡದ ಮೂರನೇ ಮಹಡಿಗೆ ಬಂದರು. ನಾನು ಎರಡನೆಯದರಲ್ಲಿದ್ದೆ. ದಿನಾ ಹಾಲಿನ ಪಾಕೀಟು ಕೊಡುವ ನೆಪದಲ್ಲಿ ಹೋಗಿ ಆ ಕಷಾಯದಲ್ಲಿ ಪಾಲು ಪಡೆಯುತ್ತಿದ್ದೆ.

ಈ ಭಾಗಾಕಾರಕ್ಕೆ ಕಾರಣ ನಾನೇ. ಒಂಬತ್ತನೇ ತರಗತಿಯಲ್ಲಿ ಅವರು ಕರಿ ಫಳಿಯ ಮೇಲೆ ಬರೀ ಒಂದನ್ನು ಏಳು ಸಲ ಬರೆದು, ಅದು 239 ಮತ್ತು 4649ರ ಗುಣಲಬ್ಧ ಎಂದು ತೋರಿಸಿದ್ದರು. ಹನ್ನೊಂದು ಸಲ ಬರೆದರೆ ಎಂದು ನಾನು ಕೇಳಿದೆ. ಅದೂ ಅವಿಭಾಜ್ಯವಲ್ಲ, ಒಡೆಯುತ್ತದೆ ಎಂಬುದಷ್ಟೇ ಅವರಿಗೆ ಗೊತ್ತಿತ್ತು. ಯಾವುದರಿಂದ ಎಂಬುದು ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ, ಕೂಡ್ರು," ಎಂದರು. ಇಪ್ಪತ್ತೈದು ವರ್ಷವಾದರೂ ಆ ನಾಳೆ ಬಂದಿರಲಿಲ್ಲ. ನನಗೆ ಮರೆತೇ ಹೋಗಿತ್ತು, ಅವರಿಗೆ ಮರೆತಿರಲಿಲ್ಲ. ತರಗತಿಯಲ್ಲಿ ಕೊಟ್ಟ ಮಾತು ಒಂದೇ ಒಂದು ಉಳಿದಿದೆ, ಕಣ್ಣಿಗೆ ಪೊರೆ ಬರುವುದರೊಳಗೆ ಮುಗಿಸಬೇಕು ಎನ್ನುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಶುರು ಮಾಡಿದರು. ಸಿಕ್ಕ ಸಿಕ್ಕ ಸಂಖ್ಯೆಯಿಂದ ಭಾಗಿಸುವುದಲ್ಲ. ಈ ಸಂಖ್ಯೆಯನ್ನು ಒಡೆಯುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು ಇಪ್ಪತ್ತೆರಡರಿಂದ ಭಾಗಿಸಿದರೆ ಒಂದು ಉಳಿಯಲೇಬೇಕಂತೆ. ಹಾಗಾಗಿ ಮೊದಲು 23, ಆಮೇಲೆ 67, 89, ಹೀಗೆ ದಿನಕ್ಕೊಂದು. ರವಿವಾರ ಮಾತ್ರ ಹೊಸದಿಲ್ಲ. ಅಂಕಿಗಳನ್ನು ಕೂಡಿಸಿ, ಒಂಬತ್ತುಗಳನ್ನು ಕಳೆದು, ವಾರದ ಲೆಕ್ಕಗಳನ್ನು ತಾಳೆ ನೋಡುವ ದಿನ ಅದು. ದಿನವೂ ಕೊನೆಗೆ ಅದೇ ಮಾತು: "ಶೇಷ ಉಳೀತು. ಅಂದ್ರ ನಾಳೆನೂ ಕೆಲಸ ಅದ."

ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಮೊಬೈಲಿನಲ್ಲಿ ಉತ್ತರ ನೋಡಿಬಿಟ್ಟೆ: 21649. ಹೇಳಲು ಬಾಯಿ ತೆರೆದರೆ, "ಗೊತ್ತಿದ್ರ ನಿನ್ನ ಹೊಟ್ಟ್ಯಾಗ ಇಟ್ಕೋ," ಎಂದು ಗದರಿದರು. ಇಟ್ಟುಕೊಂಡೆ. ಹತ್ತು ತಿಂಗಳು.

ಗಣಪತಿ ಹಬ್ಬಕ್ಕೆ ಓಣಿಯಲ್ಲಿ ಢೋಲಿನ ತಾಲೀಮು ನಡೆದಿತ್ತು. ಆ ಗುರುವಾರ 21649ರ ಸರದಿ. ಪೇಢೆ ತಂದು ಬೆನ್ನ ಹಿಂದೆ ಹಿಡಿದು ನಿಂತಿದ್ದೆ. ಅಕ್ಕೋರು ಬರೆದರು, ಕಳೆದರು, ಕನ್ನಡಕ ತೆಗೆದರು. ಶೇಷ ಉಳೀತು ಎಂದರು. ಪೇಢೆಯನ್ನು ಹಾಗೇ ಕೆಳಗೆ ತಂದು ಫ್ರಿಜ್ಜಿನಲ್ಲಿಟ್ಟೆ. ಎಲ್ಲೋ ತಪ್ಪಿದ್ದರು. ಹೀಗೇ ಮುಂದೆ ಹೋದರೆ ಲಕ್ಷಗಳ ತನಕ ಅವರಿಗೆ ಏನೂ ಸಿಗುವುದಿಲ್ಲ. ಶುಕ್ರವಾರ ಮುಂದಿನ ಸಂಖ್ಯೆ ಹಿಡಿದರು, ಶನಿವಾರ ಅದರ ಮುಂದಿನದು. ಹೇಳಿದರೆ ಅವರ ಹತ್ತು ತಿಂಗಳು ನನ್ನ ಮೊಬೈಲಿನ ಪಾಲಾಗುತ್ತದೆ, ಹೇಳದಿದ್ದರೆ ನೀರಿನ ಪಾಲಾಗುತ್ತದೆ. ಪೇಢೆ ಫ್ರಿಜ್ಜಿನಲ್ಲೇ ಉಳಿಯಿತು. ಎರಡು ದಿನ ನನಗೆ ಊಟ ಸೇರಲಿಲ್ಲ.

ರವಿವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಬರಿಗಾಲಿನ ಸಪ್ಪಳ. ಪೇಪರಿನವನಿಗೆ ಅಡ್ಡ ನಿಂತು ಅಕ್ಕೋರು ಮರಾಠಿಯಲ್ಲಿ "ಸಾಪಡ್ಲಾ, ಸಾಪಡ್ಲಾ" ಎನ್ನುತ್ತಿದ್ದರು. ಸಿಕ್ಕಿತು ಎಂದರೆ ಏನು ಸಿಕ್ಕಿತೆಂದು ತಿಳಿಯದೆ ಅವನೂ ನಗುತ್ತಿದ್ದ. ಗುರುವಾರದ ಲೆಕ್ಕ ತಾಳೆಯಾಗದೆ ಮತ್ತೆ ಮಾಡಿದ್ದರು. ಗುಣಿಸುವಾಗ ದಶಕದ ಒಂದನ್ನು ಕೂಡಿಸದೆ ಬಿಟ್ಟಿದ್ದರಂತೆ. ಈಗ ಶೇಷ ಸೊನ್ನೆ, ಭಾಗಲಬ್ಧ 513239. ನಾನು ಅವರನ್ನು ತಬ್ಬಿಕೊಂಡು ಅತ್ತೇಬಿಟ್ಟೆ. ಫ್ರಿಜ್ಜಿನಿಂದ ಪೇಢೆ ತಂದುಕೊಟ್ಟರೆ ಅವರು ಮುರಿದು ಮೊದಲು ನನ್ನ ಬಾಯಿಗೇ ಇಟ್ಟರು.

"ಗುರುವಾರನ ನಿನ್ನ ಮಾರಿ ನೋಡಿದ್ದೆ," ಎಂದರು. "ಆದ್ರ ಮಾರಿ ನೋಡಿ ಲೆಕ್ಕ ತಿದ್ದಬಾರದವಾ. ರವಿವಾರದ ತನಕಾ ತಡದೆ."

ಕಳೆದ ಚಳಿಗಾಲದಲ್ಲಿ ಅಕ್ಕೋರು ತೀರಿಕೊಂಡರು. ವಹಿಯನ್ನು ನನಗೆ ಕೊಡಬೇಕೆಂದು ಹೇಳಿಟ್ಟಿದ್ದರು. ಅದರ ಹೊಸ ಪುಟದಲ್ಲಿ ಒಂದನ್ನು ಹದಿನೇಳು ಸಲ ಬರೆದು, ಕೆಳಗೆ "103ರಿಂದ ಶುರು ಮಾಡು" ಎಂದಿತ್ತು. ಇದಕ್ಕೆ ಇಪ್ಪತ್ತೆರಡರ ಬದಲು ಮೂವತ್ತನಾಲ್ಕರ ಲೆಕ್ಕ. ಮೊಬೈಲ್ ನೋಡಿಲ್ಲ, ನೋಡುವುದೂ ಇಲ್ಲ. ಇವತ್ತೂ ಚಹಾ ಕುದ್ದು ಕಷಾಯವಾಯಿತು. ಶೇಷ ಉಳೀತು. ನಾಳೆನೂ ಕೆಲಸ ಅದ.