ಎರಡನೇ ಮತದ ಮಲ್ಕಣ್ಣ ಮಾಸ್ತರರು

ಮಲ್ಕಣ್ಣ ಮಾಸ್ತರರ ಕೈಯಲ್ಲಿ ಸೀಮೆಸುಣ್ಣವಿದ್ದರೆ ಯಾವ ಕಲ್ಲೂ ಖಾಲಿ ಉಳಿಯುತ್ತಿರಲಿಲ್ಲ. ಹೋಟೆಲಿನ ಕಟ್ಟೆ, ಸ್ಟೇಷನ್ನಿನ ಬೆಂಚು, ಬೀಗರ ಮನೆಯ ಪಡಸಾಲೆ ಎಲ್ಲವೂ ಕರಿಹಲಗೆಯೇ. ಶಹಾಬಾದದ ನೆಲದಡಿ ದೇವರು ಇಷ್ಟು ಬಂಡೆ ಹಾಸಿದ್ದು ಗಣಿತ ಕಲಿಸಲೆಂದೇ ಎಂದು ಅವರು ದೃಢವಾಗಿ ನಂಬಿದ್ದರು. ವಾಡಿಯ ಹೈಸ್ಕೂಲಿನಲ್ಲಿ ನನಗೆ ಬೀಜಗಣಿತ ಕಲಿಸಿದವರು. ಹತ್ತನೇ ಇಯತ್ತೆಯಲ್ಲಿ ಎರಡು ಸಲ ಬಿದ್ದ ನನ್ನನ್ನು ವರ್ಷವಿಡೀ ತಮ್ಮ ಮನೆಯಲ್ಲಿಟ್ಟುಕೊಂಡು, ಉಣ್ಣಿಸಿ, ಬೈದು ಪಾಸು ಮಾಡಿಸಿದರು. ಮುಂದೆ ನಾನು ಬಿ.ಎ. ಆದದ್ದೂ ಆ ಬೈಗುಳದ ಬಲದಿಂದಲೇ.

ಇಂಥವರು ನಿವೃತ್ತರಾದ ಮೇಲೆ ವಿಧಾನ ಪರಿಷತ್ತಿಗೆ, ಪದವೀಧರರ ಕ್ಷೇತ್ರದಿಂದ, ಪಕ್ಷೇತರರಾಗಿ ನಿಂತರು. ಈ ಚುನಾವಣೆಯಲ್ಲಿ ಮುದ್ರೆ ಒತ್ತುವುದಿಲ್ಲ; ಅಭ್ಯರ್ಥಿಗಳ ಹೆಸರಿನ ಮುಂದೆ ಒಂದು, ಎರಡು ಎಂದು ಇಷ್ಟದ ಕ್ರಮ ಬರೆಯಬೇಕು. ಉಳಿದ ಅಭ್ಯರ್ಥಿಗಳ ಕರಪತ್ರಗಳಲ್ಲಿ ಭರವಸೆಗಳಿಗೆ ಜಾಗ ಸಾಲದೆ ಅಕ್ಷರಗಳು ಸಾಸಿವೆಯಾಗಿದ್ದವು. ಮಾಸ್ತರರದ್ದು ಒಂದೇ: ನಮ್ಮ ಭಾಗದ ಖಾಲಿ ಹುದ್ದೆ ತುಂಬಬೇಕು.

"ನಾ ಕಲಿಸಿದ ಹುಡುಗ ಬಿ.ಎಡ್. ಮಾಡಿ ಸಿಮೆಂಟ್ ಚೀಲ ಹೊರಲಿಕತ್ತಾನ. ಸಾಲ್ಯಾಗ ನೋಡಿದ್ರ ಗಣಿತದ ಮಾಸ್ತರ ಇಲ್ಲ. ಇವೆರಡು ಕೂಡಿಸಲಿಕ್ಕ ಯಾವ ದೊಡ್ಡ ಲೆಕ್ಕ ಬೇಕು?"

ಅವರ ಪ್ರಚಾರದ ವಾಹನ ಪ್ಯಾಸೆಂಜರ್ ರೈಲು. ಕಾರ್ಯಕರ್ತ ನಾನೊಬ್ಬ, ಅದೂ ರವಿವಾರ ಮಾತ್ರ. ಚಿತ್ತಾಪುರದ ಚಹಾದಂಗಡಿಯಲ್ಲಿ ಅವರ ಹಳೆಯ ಶಿಷ್ಯನೊಬ್ಬ ಕಾಲು ಮುಟ್ಟಿ ನಮಸ್ಕರಿಸಿದ. ಈಗ ಅವನೇ ಉಪನ್ಯಾಸಕ.

"ಫಿಕರ್ ಮಾಡಬ್ಯಾಡ್ರಿ ಸರ್. ಎರಡನೇ ಮತ ನಿಮಗೇ!"

"ಮತ್ತ ಮೊದಲನೇದು?"

"ಅದೇನ್ ಕೇಳ್ತೀರಿ ಸರ್... ನಮ್ಮ ಮಂದೀನೇ ನಿಂತಾರ."

ಮಾಸ್ತರರು ಸೀಮೆಸುಣ್ಣ ತೆಗೆದು ಕಟ್ಟೆಯ ಮೇಲೆ ಗೆರೆ ಎಳೆದರು. "ನೋಡಪ್ಪ. ಮೊದಲನೇ ಮತ ಕಡಿಮಿ ಬಿದ್ದಾಂವನ್ನ ಮೊದಲು ಹೊರಗ ಹಾಕ್ತಾರ. ಅವನ ಹೆಸರಿನ ಮುಂದ ಊರಿಗೂರೇ ಎರಡು ಬರೆದಿದ್ರೂ ಆಮ್ಯಾಲ ಯಾರೂ ನೋಡಂಗಿಲ್ಲ. ಬರೇ ಎರಡನೇದು ಇದ್ದಾಂವ ಅಂದ್ರ, ಭಾಂಡಿ ತೊಳೆದಿಟ್ಟ ಮ್ಯಾಲ ಉಣ್ಣಾಕ ಬಂದ ಬೀಗ."

ಎಲ್ಲರೂ ಭಾಳ ನಕ್ಕರು. ಇನ್ನೊಂದು ಚಹಾ ಬಂತು. "ಏನೇ ಆಗಲಿ ಸರ್," ಎಂದ ಶಿಷ್ಯ, "ಎರಡನೇದು ಮಾತ್ರ ಪಕ್ಕಾ!"

ಶಹಾಬಾದದಲ್ಲೂ ಇದೇ ಆಶ್ವಾಸನೆ. ಚಿಂಚೋಳಿಯಲ್ಲಿ ಇದನ್ನೇ ಒಂದಿಷ್ಟು ತೆಲುಗು ಬೆರೆಸಿ ಹೇಳಿದರು. ಬೈಯುವವನೊಬ್ಬನಾದರೂ ಸಿಕ್ಕಿದ್ದರೆ ಮಾಸ್ತರರಿಗೆ ಸಮಾಧಾನವಾಗುತ್ತಿತ್ತೇನೋ. ಯಾರೂ ಬೈಯಲಿಲ್ಲ.

ನಾನು ಸೇಡಂನ ಖಾಸಗಿ ಕಾಲೇಜೊಂದರಲ್ಲಿ ಗುಮಾಸ್ತ. ಮತದಾನದ ಹಿಂದಿನ ದಿನ ನಮ್ಮ ಸಂಸ್ಥೆಯ ಅಧ್ಯಕ್ಷರು ಎಲ್ಲರನ್ನೂ ಕರೆದು ಕೂಡಿಸಿದರು. "ಕಾಲೇಜಿಗೆ ಸರಕಾರದ ಅನುದಾನ ಬಂದ್ರ ನೀವೆಲ್ಲ ಪರ್ಮನೆಂಟ್. ಅದಕ್ಕ ಮೊದಲನೇ ಮತ ನಾವು ಹೇಳಿದವರಿಗೆ. ಎರಡನೇದು ನಿಮ್ಮ ಮನಸ್ಸಿಗೆ ಬಂದವರಿಗೆ ಹಾಕ್ರಿ." ನಮ್ಮ ಮನಸ್ಸಿಗೆ ಅವರು ಅಷ್ಟಾದರೂ ಜಾಗ ಬಿಟ್ಟರಲ್ಲ ಎಂದು ಕೃತಜ್ಞರಾಗಿ ಎದ್ದೆವು.

ಮರುದಿನ ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಪೆನ್ನಿನಿಂದ ಅಧ್ಯಕ್ಷರು ಹೇಳಿದವರ ಮುಂದೆ ಒಂದು ಬರೆದೆ. ಮಾಸ್ತರರ ಹೆಸರಿನ ಮುಂದೆ ಎರಡು ಬರೆದೆ; ದುಂಡಗೆ, ಅಂದವಾಗಿ.

ಎಣಿಕೆಯ ದಿನ ಮಾಸ್ತರರ ಜೊತೆ ಅವರ ಏಜೆಂಟನಾಗಿ ಕಲಬುರಗಿಗೆ ಹೋದವನೂ ನಾನೇ. ಮೊದಲನೇ ಮತಗಳನ್ನು ಬೇರ್ಪಡಿಸುತ್ತಿದ್ದರು. ಮಾಸ್ತರರ ಕಟ್ಟು ಏಳಲೇ ಇಲ್ಲ. ದೊಡ್ಡ ಪಕ್ಷದವರ ಕಟ್ಟಿಗೆ ಬೀಳುತ್ತಿದ್ದ ಚೀಟಿಗಳಲ್ಲಿ ನೋಡಿದರೆ ಒಂದರಲ್ಲಿ ಮಾಸ್ತರರ ಹೆಸರಿನ ಮುಂದೆ ಎರಡು, ಮತ್ತೊಂದರಲ್ಲಿ ಎರಡು, ಅದರ ಮೇಲಿನದರಲ್ಲೂ ಎರಡು.

"ಎಷ್ಟು ಮಂದಿ ನೆನಪಿಟ್ಟಾರ ನೋಡೋ," ಎಂದರು ಮಾಸ್ತರರು. ಮಧ್ಯಾಹ್ನದೊಳಗೆ ಅವರನ್ನು ಸ್ಪರ್ಧೆಯಿಂದ ಹೊರಗೆ ಹಾಕಿ, ಅವರ ತೆಳ್ಳನೆಯ ಕಟ್ಟನ್ನು ಉಳಿದವರಿಗೆ ಹಂಚಲು ಕುಳಿತರು.

ವಾಪಸ್ಸು ರೈಲಿನಲ್ಲಿ ಶಹಾಬಾದ ದಾಟಿದ ಮೇಲೆ ಕೇಳಿದರು. "ರೇವಣಾ, ನಿಂದು?"

ಸುಳ್ಳು ಹೇಳಬಹುದಿತ್ತು. ಗುಪ್ತ ಮತದಾನ ಇರುವುದೇ ಅದಕ್ಕೆ. "ಎರಡನೇದು, ಸರ್."

ನಮ್ಮ ಅಧ್ಯಕ್ಷರ ಸಭೆಯ ಸುದ್ದಿ ಅವರಿಗೂ ಮುಟ್ಟಿತ್ತು. "ಅನುದಾನ ಬರ್ತದೇನು?"

"ಗೊತ್ತಿಲ್ರಿ."

"ಬರಲಿ," ಎಂದರು. ವಾಡಿ ಬಂತು. ಚೀಲ ನಾನು ಎತ್ತಿಕೊಳ್ಳಲು ಹೋದೆ, ಬಿಡಲಿಲ್ಲ. ಇಳಿದು ಹೋದರು. ನಾನು ಮತ್ತೆ ಅವರನ್ನು ನೋಡಲಿಲ್ಲ. ಒಂದೂವರೆ ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂದಾಗ ಮಣ್ಣಿಗೆ ಹೋಗುವ ಮುಖವೂ ನನಗಿರಲಿಲ್ಲ.

ಪದವೀಧರರ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಆರು ವರ್ಷದ ಮೇಲೆ ಮತ್ತೆ ಚುನಾವಣೆ ಬಂದಿದೆ; ಈ ಸಲ ಕಾಲೇಜಿನವರ ಅರ್ಜಿಗಳನ್ನೆಲ್ಲ ತುಂಬಿದ್ದು ನಾನೇ, ನನ್ನದನ್ನೂ ಸೇರಿಸಿ. ಅನುದಾನ ಇನ್ನೂ ಬಂದಿಲ್ಲ. ಮೊದಲನೇ ಮತ ಯಾರಿಗೆಂದು ಅಧ್ಯಕ್ಷರು ಇನ್ನೂ ಹೇಳಿಲ್ಲ, ಕಾಯುತ್ತಿದ್ದೇನೆ.