ತಮ್ಮನ ಬಲಗಡಿ ಗಲ್ಲ

ನನ್ನ ತಮ್ಮ ಮೂವತ್ತು ದಾಟಿದಾಂವ, ಬುದ್ಧಿ ಮಾತ್ರ ಮೂರು ವರ್ಷದ ಕೂಸಿಂದು. ಮಾತು ಬರೂದಿಲ್ಲ. ಹೋದ ಮಳಿಗಾಲದಾಗ ಅವನ ಸಿಟ್ಟು ನೆತ್ತಿಗೇರ್ತು. ಊಟಕ್ಕ ಕುಂತ್ರ ತಾಟು ಒಗಿತಿದ್ದ, ಗ್ವಾಡಿಗೆ ತಲಿ ಜಜ್ಕೋತಿದ್ದ, ಬಿಡಿಸಾಕ ಹೋದ ಅವ್ವನ ಕೈ ಕಚ್ಚಿದ. ಬಸವಕಲ್ಯಾಣದ ನಮ್ಮ ಓಣಿಯವರು ಬಾಗಲಾಗ ನಿಂತು ನೋಡೂದೇ ನೋಡೂದು, ಪುಕ್ಕಟ ತಮಾಶಾ!

ಹುಮನಾಬಾದಿನ ಡಾಕ್ಟರು ಸಿಟ್ಟು ಇಳಿಸೂ ಗುಳಿಗಿ ಬರದುಕೊಟ್ರು. ಅಂವ ನುಂಗಬೇಕಲ್ಲ? ಅವ್ವ ಅದನ್ನ ಪುಡಿ ಮಾಡಿ, ಹಾಲಾಗ ನೆನೆಸಿದ ರೊಟ್ಟಿಯೊಳಗ ಕಲಸಿ ತಿನ್ನಿಸಾಕತ್ತಿದಳು. ತಾಟು ಒಗಿಯೂದು ನಿಂತಿತು.

"ಗುಳಿಗಿ ಬರಾಬರ್ ಹತ್ಯದ ನೋಡು," ಅಂದ್ರು ಅಪ್ಪನ ತಮ್ಮ, ನಮ್ಮ ಕಾಕಾ.

ಹತ್ತಿತ್ತು, ಖರೆ. ಹಗಲೆಲ್ಲ ಜೊಲ್ಲು ಸುರಿಸ್ಕೋತ ತೂಕಡಿಸ್ತಿದ್ದ. ನನ್ನ ಕಂಡ್ರ ಚಪ್ಪಾಳಿ ಹೊಡಿತಿದ್ದಾಂವ ಈಗ ಕಣ್ಣೂ ಎತ್ತತಿರಲಿಲ್ಲ.

ಎಳ್ಳಮಾವಾಸಿಗೆ ಘಾಟಬೋರಾಳದ ಹೊಲಕ್ಕ ಹೋದ್ವಿ. ಭೂಮಿತಾಯಿಗೆ ಚರಗ ಚೆಲ್ಲಿ ಊಟಕ್ಕ ಕುಂತ್ವಿ. "ಹಬ್ಬದ ದಿನಾನೂ ಮೆತ್ತಂದೇ ತಿನ್ನಬೇಕೇನು?" ಅಂತ ಕಾಕಾ ಅವನ ಕೈಯಾಗ ಎಳ್ಳು ಹಚ್ಚಿದ ಖಡಕ್ ಸಜ್ಜಿ ರೊಟ್ಟಿ ಇಟ್ರು. ಒಂದ ತುತ್ತು ಕಡಿದ. ಚೀರಿದ ನೋಡ್ರಿ! ಕೈಗೆ ಸಿಕ್ಕ ಕಲ್ಲು ತಗೊಂಡು ಗಲ್ಲಕ್ಕ ಕುಟ್ಕೊಳ್ಳಾಕತ್ತಿದ. ಕಾಕಾ ಹಿಂದಿಂದ ಎರಡೂ ಕೈ ಗಟ್ಟಿ ಹಿಡಿದ್ರು.

"ಇನ್ನೊಂದು ಗುಳಿಗಿ ಹಾಕ್ರಿ ವೈನಿ, ಜಲ್ದಿ! ನಾಳೆ ಡಾಕ್ಟರಿಗೆ ಹೇಳಿ ಡೋಸ್ ಏರಿಸೂದ ಸೈ."

ಅವ್ವ ಸೆರಗಿನ ಗಂಟು ಬಿಚ್ಚಿ ಗುಳಿಗಿ ತಗದಳು. ನಾನು ಅವನ ಮಾರಿನೇ ನೋಡಾಕತ್ತಿದ್ದೆ. ರಕ್ತ ಬಲಗಡಿ ಗಲ್ಲಕ್ಕಷ್ಟೇ ಇತ್ತು. ಗ್ವಾಡಿಗೆ ಜಜ್ಕೊಂಡ ಹಳೀ ಗುರುತೂ ಬಲಗಡಿಗೇ. ಮತ್ತ ಅಂವ ತಾಟು ಒಗಿಯೂದು ಬಿಟ್ಟಿದ್ದು ರೊಟ್ಟಿ ಮೆತ್ತಗಾದ ಮ್ಯಾಲೇ ಅಲ್ಲ?

"ತಡಿ ಯವ್ವಾ, ಮೊದಲ ಬಾಯಿ ನೋಡೂಣು."

"ಹುಚ್ಚಿ ಏನ ನೀ? ಬೆರಳು ಹರಕೊಂಡಾನು!" ಕಾಕಾ ಒದರಿದ್ರು.

"ಹರಕೊಳ್ಳಲಿ!"

ಹೆದರಿಕಿ ಇರಲಿಲ್ಲಂತಲ್ಲ. ಆದ್ರೂ ಅವನ ಬಾಯಾಗ ಬೆರಳು ಹಾಕಿದೆ. ಬಲಗಡಿ ಕೊನಿ ದವಡಿ ಹಲ್ಲು ಪೂರಾ ಹುಳುಕು, ಒಸಡು ಬಾತು ಕೀವಾಗಿತ್ತು. ಅಂವ ಕಚ್ಚಲಿಲ್ಲ. ಬಾಯಿ ತೆರಕೊಂಡೇ ಕುಂತ, ಕಣ್ಣಾಗ ಬಳಬಳ ನೀರು. ಅವ್ವ ಗುಳಿಗಿ ಮಣ್ಣಾಗ ಒಗದು, ಅಲ್ಲೇ ಕುಸದು ಕುಂತು ಅತ್ತಳು.

ಮರುದಿನ ಹುಮನಾಬಾದಿನಾಗ ಹಲ್ಲು ಕೀಳಿಸಿದ್ವಿ. ಗುಳಿಗಿ ಒಮ್ಮೆಲೆ ಬಿಡಬಾರದಂತ, ಡಾಕ್ಟರು ಸಾವಕಾಶ ಇಳಿಸಾಕತ್ತಾರ.

ಮೊನ್ನೆ ಅಂವ ಮತ್ತ ತಾಟು ಒಗದ. ಮನಿಮಂದಿಯೆಲ್ಲ ಎದ್ದು ನಿಂತ್ವಿ. ಅಂವ ಸೀದಾ ನನ್ನ ಹಂತೇಕ ಬಂದ, ಹಲ್ಲು ಹುಡುಕಿದ ಅದೇ ಬೆರಳು ಹಿಡಿದ, ತನ್ನ ಕಿವಿಯಾಗ ಇಟ್ಕೊಂಡ.